ಟೂರ್ ಡಿ ಲಾವೆನಿರ್: ಗೆದ್ದವರ ಪಟ್ಟಿಯನ್ನಷ್ಟೇ ಏಕೆ ಓದುತ್ತೇವೆ?

ಗಾಳಿಮರೆ

ಕೆಲವು ದಿನಗಳಿಂದ ಕೊರೆಯುತ್ತಿರುವ ಮಾತೊಂದನ್ನು ಇಲ್ಲಿ ಇಡುತ್ತಿದ್ದೇನೆ. ಫ್ರಾನ್ಸಿನ ಟೂರ್ ಡಿ ಲಾವೆನಿರ್, ಯುವ ಸವಾರರ ಹಲವು ದಿನಗಳ ಸೈಕಲ್ ರೇಸ್, ನನಗೆ ಬಹಳ ಪ್ರಿಯ. 'ಲಾವೆನಿರ್' ಎಂದರೆ ಮುಂಬರುವ ಕಾಲ. ಹೆಸರಿನಲ್ಲೇ ನಾಳೆ ಇರುವುದರಿಂದಲೋ ಏನೋ, ಅದು ಮುಗಿದ ಮರುದಿನ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಹುಡುಗ ಟೂರ್ ಡಿ ಫ್ರಾನ್ಸ್ ಗೆಲ್ಲುವುದು ಯಾವಾಗ? 2017ರಲ್ಲಿ ಗೆದ್ದ ಎಗಾನ್ ಬರ್ನಾಲ್ 2019ರಲ್ಲಿ ಟೂರ್ ಗೆದ್ದರು. 2018ರಲ್ಲಿ ಗೆದ್ದ ತಡೇಯ್ ಪೊಗಾಚರ್ 2020ರಲ್ಲಿ ಗೆದ್ದರು. ಆ ಎರಡು ವರ್ಷಗಳಾದ ಮೇಲಂತೂ ಈ ರೇಸನ್ನು ಜಾತಕದಂತೆ ಓದುವ ಚಾಳಿ ಗಟ್ಟಿಯಾಯಿತು.

ನನಗೆ ಇದು ಬೇಸರ ತರುತ್ತದೆ. ಹತ್ತೊಂಬತ್ತರಿಂದ ಇಪ್ಪತ್ತೆರಡು ವರ್ಷದ ನೂರಕ್ಕೂ ಹೆಚ್ಚು ಹುಡುಗರು ಸುಮಾರು ಒಂದು ವಾರ ಕಾಲ ಆಲ್ಪ್ಸ್ ಪರ್ವತಗಳಲ್ಲಿ ಒದ್ದಾಡುತ್ತಾರೆ. ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಿಜ ಹೇಳಬೇಕೆಂದರೆ ಆ ರೇಸಿನ ಸತ್ವ ಇರುವುದು ಸೋತವರಲ್ಲಿ. ಒಟ್ಟಾರೆ ಮುಂಚೂಣಿಯಲ್ಲಿರುವವನ ಹಳದಿ ಜರ್ಸಿಯನ್ನು ಮೊದಲ ಬಾರಿ ತೊಟ್ಟು ಮರುದಿನ ಕಳೆದುಕೊಂಡವನು, ನಾಯಕನಿಗಾಗಿ ಗಾಳಿಗೆ ಎದೆಯೊಡ್ಡಿ ಅರವತ್ತನೆಯ ಸ್ಥಾನಕ್ಕೆ ಇಳಿದವನು, ಐದನೆಯ ದಿನ ಕಾಲು ಕೈಕೊಟ್ಟು ಆರನೆಯ ದಿನ ಮತ್ತೆ ಎದ್ದು ನಿಂತವನು. ಇದನ್ನು ಕಲಿಸುವ ಜಾಗ ಬೇರೆ ಯಾವುದಿದೆ?

ಈಗ ಹದಿನೆಂಟು ತುಂಬುತ್ತಿದ್ದಂತೆ ಹುಡುಗರನ್ನು ದೊಡ್ಡ ವೃತ್ತಿಪರ ತಂಡಗಳು ನೇರವಾಗಿ ಕರೆದುಕೊಳ್ಳುತ್ತಿವೆ. ಹಾಗಾಗಿ ಈ ರೇಸಿನ ಕಾಲ ಮುಗಿಯಿತು ಎಂದು ಕೆಲವರು ಹೇಳುತ್ತಾರೆ. ಅದರ ಅಗತ್ಯ ಈಗಲೇ ಹೆಚ್ಚು ಎಂಬುದು ನನ್ನ ವಾದ. ನಿಮ್ಮ ಅಭಿಪ್ರಾಯ ಬೇಕು.

ಲೆಕ್ಕದ ಪುಸ್ತಕ

ಗಾಳಿಮರೆ ಅವರೇ, ಜಾತಕದ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಗೆದ್ದವರ ಪಟ್ಟಿಯನ್ನೇ ಇಟ್ಟುಕೊಂಡು ಅದನ್ನು ತೋರಿಸಬಹುದು.

ಎರಡೂ ರೇಸುಗಳನ್ನು ಗೆದ್ದವರು ಈವರೆಗೆ ಏಳು ಮಂದಿ: ಫೆಲಿಚೆ ಜಿಮೊಂಡಿ, ಯೋಪ್ ಜೂಟೆಮೆಲ್ಕ್, ಗ್ರೆಗ್ ಲೆಮಾಂಡ್, ಮಿಗೆಲ್ ಇಂಡುರೈನ್, ಲೊರಾಂ ಫಿನ್ಯೋಂ, ಬರ್ನಾಲ್, ಪೊಗಾಚರ್. ಇವರಲ್ಲಿ ಫಿನ್ಯೋಂ ಅವರನ್ನು ಬದಿಗಿಡಬೇಕು. ಅವರು 1983 ಮತ್ತು 1984ರಲ್ಲೇ ಟೂರ್ ಗೆದ್ದಿದ್ದರು, ಲಾವೆನಿರ್ ಗೆದ್ದದ್ದು 1988ರಲ್ಲಿ. ಆಗ ಅವರಿಗೆ ಇಪ್ಪತ್ತೆಂಟು ವರ್ಷ! ಅದಕ್ಕೆ ಹಿಂದಿನ ವರ್ಷ ಗೆದ್ದ ಮಾರ್ಕ್ ಮಾದಿಯೋ 1985ರಲ್ಲೇ ಪ್ಯಾರಿಸ್–ರೂಬೆ ಎಂಬ ಒಂದು ದಿನದ ದೊಡ್ಡ ರೇಸ್ ಗೆದ್ದಿದ್ದ ಪಳಗಿದ ಸವಾರ. ಏಕೆಂದರೆ 1981ರಲ್ಲಿ ರೇಸನ್ನು ವೃತ್ತಿಪರರಿಗೂ ತೆರೆದಿದ್ದರು. 1986ರಿಂದ 1990ರವರೆಗೆ ಅದರ ಹೆಸರು ಕೂಡ 'ಯುರೋಪಿಯನ್ ಸಮುದಾಯದ ಟೂರ್' ಎಂದಾಗಿತ್ತು. ವಯಸ್ಸಿನ ಮಿತಿ ಬಂದದ್ದು ಆಮೇಲೆ, ಮೊದಲು ಇಪ್ಪತ್ತೈದರೊಳಗಿನವರಿಗೆ. 2007ರಿಂದ ಈಚೆಗೆ ಅದು ಇಪ್ಪತ್ತಮೂರರೊಳಗಿನವರ ರಾಷ್ಟ್ರೀಯ ತಂಡಗಳ ರೇಸ್. ಅಂದರೆ ಒಂದೇ ಹೆಸರಿನಡಿ ಮೂರು ನಾಲ್ಕು ಬೇರೆ ಬೇರೆ ರೇಸುಗಳು ನಡೆದಿವೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು 'ನೋಡಿ, ಭವಿಷ್ಯ ಹೇಳುತ್ತದೆ' ಎನ್ನುವುದು ತಪ್ಪು.

ಉಳಿದ ಆರು ಮಂದಿಯ ಅಂತರವನ್ನು ನೋಡಿ. ಜಿಮೊಂಡಿ 1964ರಲ್ಲಿ ಲಾವೆನಿರ್, ಮರುವರ್ಷವೇ ಟೂರ್. ಜೂಟೆಮೆಲ್ಕ್ 1969ರಲ್ಲಿ ಲಾವೆನಿರ್, ಟೂರ್ ಕೈಗೆ ಸಿಕ್ಕಿದ್ದು 1980ರಲ್ಲಿ. ಹನ್ನೊಂದು ವರ್ಷ! ಇಂಡುರೈನ್ 1986ರಲ್ಲಿ ಗೆದ್ದು ಐದು ವರ್ಷ ಕಾದರು, ಆಮೇಲೆ 1991ರಿಂದ 1995ರವರೆಗೆ ಸತತ ಐದು ಟೂರ್ ಗೆದ್ದರು. ಇನ್ನೊಂದು ಸಂಗತಿ: 1987ರಿಂದ 2016ರವರೆಗೆ ಲಾವೆನಿರ್ ಗೆದ್ದವರಲ್ಲಿ ಒಬ್ಬರೂ ಅದಾದ ಮೇಲೆ ಟೂರ್ ಡಿ ಫ್ರಾನ್ಸ್ ಗೆದ್ದಿಲ್ಲ. ಮೂವತ್ತು ವರ್ಷ ಸುಳ್ಳಾದದ್ದನ್ನು ಜಾತಕ ಎನ್ನಲು ಹೇಗೆ ಸಾಧ್ಯ?

ಹೊಸ ಹುರುಪು

ನಮಸ್ಕಾರ. ನಾನು ಸೈಕಲ್ ರೇಸ್ ನೋಡಲು ಆರಂಭಿಸಿ ಒಂದು ವರ್ಷವಷ್ಟೇ ಆಗಿದೆ. ಒಂದು ಮೂಲಭೂತ ಪ್ರಶ್ನೆ ಇದೆ, ದಯವಿಟ್ಟು ಯಾರಾದರೂ ವಿವರಿಸಿ. ಪ್ರತಿದಿನ ಒಬ್ಬೊಬ್ಬರು ಗೆಲ್ಲುತ್ತಾರೆ, ಆದರೆ ಹಳದಿ ಜರ್ಸಿ ಬೇರೆಯವರ ಮೈಮೇಲೆ ಇರುತ್ತದೆ. ಒಂದೂ ಹಂತ, ಅಂದರೆ ಒಂದು ದಿನದ ಓಟ, ಗೆಲ್ಲದವನು ಇಡೀ ರೇಸ್ ಗೆಲ್ಲಬಹುದಂತೆ, ನಿಜವೇ? ನೂರು ಜನ ಒಟ್ಟಿಗೆ ಗುರಿ ತಲುಪಿದರೆ ಸಮಯವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಕಡೆಯ ಗೇರ್

ಹೊಸ ಹುರುಪು ಅವರೇ, ಒಳ್ಳೆಯ ಪ್ರಶ್ನೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ನೋಡಿದವರನ್ನು ನಾನು ಬಲ್ಲೆ.

ಪ್ರತಿ ಹಂತದಲ್ಲಿ ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವರಿಗೆ ಹಳದಿ ಜರ್ಸಿ. ಗುಂಪಾಗಿ ಬಂದವರೆಲ್ಲರಿಗೂ ಆ ಗುಂಪಿನ ಮೊದಲನೆಯವನ ಸಮಯವೇ ಸಿಗುತ್ತದೆ, ಮಧ್ಯೆ ನಿಯಮ ಹೇಳುವಷ್ಟು ಅಂತರ ಬೀಳದಿದ್ದರೆ. ಆದ್ದರಿಂದ ಸಮತಟ್ಟಾದ ಹಂತದಲ್ಲಿ ಮೊದಲನೆಯವನಿಗೂ ಎಂಬತ್ತನೆಯವನಿಗೂ ಸಮಯದಲ್ಲಿ ವ್ಯತ್ಯಾಸವೇ ಇಲ್ಲದಿರಬಹುದು. ಅಂಥ ಹಂತದ ಕೊನೆಯ ಮೂರು ಕಿಲೋಮೀಟರಿನೊಳಗೆ ಬಿದ್ದರೆ ಅಥವಾ ಪಂಕ್ಚರ್ ಆದರೆ, ಯಾವ ಗುಂಪಿನಲ್ಲಿದ್ದಿರೋ ಆ ಗುಂಪಿನ ಸಮಯವನ್ನೇ ಕೊಡುತ್ತಾರೆ. ಶಿಖರದ ಮೇಲೆ ಮುಗಿಯುವ ಹಂತಗಳಿಗೆ ಈ ರಿಯಾಯಿತಿ ಇಲ್ಲ. ಹಂತದ ಮೊದಲ ಮೂವರಿಗೆ ಕೆಲವು ಸೆಕೆಂಡುಗಳ ಬೋನಸ್ ಇರುತ್ತದೆ, ಟೂರ್ ಡಿ ಫ್ರಾನ್ಸಿನಲ್ಲಿ ಹತ್ತು, ಆರು, ನಾಲ್ಕು ಸೆಕೆಂಡುಗಳಂತೆ. ಸಮಯ ನಿಜವಾಗಿ ಒಡೆಯುವುದು ಏರುದಾರಿಯಲ್ಲಿ, ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್‌ನಲ್ಲಿ, ಮತ್ತು ಅಡ್ಡಗಾಳಿ ಬೀಸಿ ಗುಂಪು ತುಂಡು ತುಂಡಾದಾಗ. ಹಾಗಾಗಿ ಹೌದು, ಒಂದೂ ಹಂತ ಗೆಲ್ಲದೆ ರೇಸ್ ಗೆಲ್ಲಬಹುದು. ಪ್ರತಿದಿನ ಮೂರನೆಯವನೋ ನಾಲ್ಕನೆಯವನೋ ಆಗಿ, ಒಂದು ದಿನವೂ ಕುಸಿಯದೆ ಇದ್ದರೆ ಸಾಕು.

ಒಂದೊಂದು ಸೆಕೆಂಡಿನ ಬೆಲೆ ಏನು ಎಂಬುದಕ್ಕೆ 1989ರ ಟೂರ್ ಡಿ ಫ್ರಾನ್ಸ್ ನೆನಪಿಸಿಕೊಳ್ಳಿ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಕೊನೆಯ ದಿನ ವರ್ಸೇಯಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ಮುಗಿದಾಗ ಫಿನ್ಯೋಂ ಅವರಿಗಿಂತ 8 ಸೆಕೆಂಡು ಮುಂದಿದ್ದರು. ಇಬ್ಬರೂ ಲಾವೆನಿರ್ ಗೆದ್ದಿದ್ದವರೇ. ಲೆಮಾಂಡ್ 1982ರಲ್ಲಿ ಅದನ್ನು ಹತ್ತು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದಿದ್ದರು. ಹತ್ತು ನಿಮಿಷಗಳ ಒಡೆಯನಾಗಿದ್ದವನು ಏಳು ವರ್ಷಗಳ ನಂತರ ಎಂಟು ಸೆಕೆಂಡಿಗಾಗಿ ಹೋರಾಡಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಬಾಟಲಿ ಹೊರುವವ

ಎಲ್ಲರೂ ಹಳದಿ ಜರ್ಸಿಯ ಲೆಕ್ಕ ಹೇಳಿದಿರಿ. ಹಿಂದುಗಡೆಯ ಲೆಕ್ಕವನ್ನು ನಾನು ಹೇಳುತ್ತೇನೆ. ಅದನ್ನು ಮೈಮೇಲೆ ಅನುಭವಿಸಿದ್ದೇನೆ.

ಹಂತ ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಎಂದು ಸೇರಿಸಿ ಒಂದು ಗಡುವು ಇಡುತ್ತಾರೆ. ಹಂತ ಎಷ್ಟು ಕಠಿಣ, ಸರಾಸರಿ ವೇಗ ಎಷ್ಟು ಎಂಬುದರ ಮೇಲೆ ಆ ಶೇಕಡಾವಾರು ಬದಲಾಗುತ್ತದೆ. ಗಡುವಿನ ಹೊರಗೆ ಬಂದವನು ಮರುದಿನ ಹೊರಡುವಂತಿಲ್ಲ. ನಾನು ಇಪ್ಪತ್ತನೆಯ ವಯಸ್ಸಿನಲ್ಲಿ ನಾಲ್ಕು ದಿನಗಳ ಒಂದು ಸಣ್ಣ ರೇಸಿನಲ್ಲಿ ಓಡಿದ್ದೆ. ಮೂರನೆಯ ದಿನ ಮೊದಲ ಏರಿನಲ್ಲೇ ಗುಂಪು ನನ್ನ ಕಣ್ಣೆದುರಿಗೆ ಜಾರಿಹೋಯಿತು. ಎದುರಿನ ಚಕ್ರಕ್ಕೂ ನನ್ನ ಚಕ್ರಕ್ಕೂ ಒಂದು ಗೇಣು ಇದ್ದ ಅಂತರ ಒಂದು ಮಾರಾಯಿತು, ಹತ್ತು ಮಾರಾಯಿತು, ಆಮೇಲೆ ತಿರುವಿನಲ್ಲಿ ಬಣ್ಣಗಳು ಮಾತ್ರ ಕಂಡವು. ನನ್ನ ಹಾಗೆಯೇ ಕಳಚಿಕೊಂಡ ಇನ್ನೂ ಮೂವರು ಸಿಕ್ಕರು. ಬೇರೆ ಬೇರೆ ತಂಡದವರು, ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ನಾಲ್ವರೂ ಸರದಿಯಂತೆ ಮುಂದೆ ಬಂದು ಗಾಳಿ ಸೀಳುತ್ತಾ ಎರಡೂವರೆ ಗಂಟೆ ತುಳಿದೆವು. ಗಡುವಿಗೆ ನಲವತ್ತು ಸೆಕೆಂಡು ಇರುವಾಗ ಗೆರೆ ದಾಟಿದೆವು. ಆ ಮೂವರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗೆದ್ದವನ ಮುಖ ನೆನಪಿಲ್ಲ.

ಇನ್ನೊಬ್ಬರ ಹಿಂದೆ ಅಂಟಿಕೊಂಡು ತುಳಿದರೆ ಸಮತಟ್ಟಿನಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ ಎನ್ನುತ್ತಾರೆ. ಹಾಗೆ ಉಳಿಸುವುದನ್ನೂ ಉಳಿಸಿಕೊಡುವುದನ್ನೂ ಪುಸ್ತಕದಿಂದ ಕಲಿಯಲಾಗದು. ಲಾವೆನಿರ್‌ನಲ್ಲಿ ಒಂದು ತಂಡಕ್ಕೆ ಆರೇ ಮಂದಿ. ಆರು ಜನರಿಂದ ರೇಸನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಆಗದ ಮಾತು. ಅದಕ್ಕೇ ಅಲ್ಲಿ ಪ್ರತಿದಿನ ಏನಾದರೊಂದು ಸ್ಫೋಟವಾಗುತ್ತದೆ.

ಗಾಳಿಮರೆ

ಬಾಟಲಿ ಹೊರುವವ ಅವರೇ, ನೀವು ಬರೆದದ್ದನ್ನು ಎರಡು ಬಾರಿ ಓದಿದೆ. ನಾನು ಹೇಳಲು ತಡಕಾಡುತ್ತಿದ್ದದ್ದು ಇದನ್ನೇ.

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಆ ಆರು ಮಂದಿ ವರ್ಷವಿಡೀ ಬೇರೆ ಬೇರೆ ತಂಡಗಳಲ್ಲಿ ಪರಸ್ಪರ ಎದುರಾಳಿಗಳು. ಈ ವಾರ ಮಾತ್ರ ಒಂದೇ ದೇಶದ ಜರ್ಸಿ ತೊಡುತ್ತಾರೆ. ನಾಯಕ ಯಾರು ಎಂಬುದನ್ನು ಸಂಬಳದ ಕರಾರು ನಿರ್ಧರಿಸುವುದಿಲ್ಲ, ರಸ್ತೆಯೇ ನಿರ್ಧರಿಸಬೇಕು. ಜೊತೆಗೆ ಇಂಥ ರೇಸುಗಳಲ್ಲಿ ಸವಾರರ ಕಿವಿಯಲ್ಲಿ ರೇಡಿಯೊ ಇರುವುದಿಲ್ಲ. ಮುಂದೆ ಹೋದವರು ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯಬೇಕಾದರೆ ಮೋಟಾರ್‌ಬೈಕಿನ ಮೇಲೆ ಕುಳಿತವರು ಹಲಗೆಯಲ್ಲಿ ಬರೆದು ತೋರಿಸುವ ಅಂತರವನ್ನು ನೋಡಬೇಕು. ಬೆನ್ನಟ್ಟಬೇಕೋ ಬೇಡವೋ ಎಂದು ಇಪ್ಪತ್ತರ ಹುಡುಗ ತಾನೇ ತೀರ್ಮಾನಿಸಬೇಕು. ತಪ್ಪು ಮಾಡುತ್ತಾನೆ. ಮಾಡಲಿ!

ಘಟ್ಟದ ತಿರುವು

ಚರ್ಚೆ ಈಗಿನ ಕಾಲದ ಸುತ್ತಲೇ ಸುತ್ತುತ್ತಿದೆ. ರೇಸ್ ಹುಟ್ಟಿದ್ದೇಕೆ ಎಂಬುದನ್ನು ನೋಡಿದರೆ ಗಾಳಿಮರೆ ಅವರ ಪ್ರಶ್ನೆಗೆ ಬೇರೆಯೇ ಬೆಳಕು ಸಿಗುತ್ತದೆ.

1961ರಲ್ಲಿ ಇದನ್ನು ಆರಂಭಿಸಿದವರು ಫ್ರಾನ್ಸಿನ ಲೆಕಿಪ್ ಪತ್ರಿಕೆಯ ಪತ್ರಕರ್ತ ಜಾಕ್ ಮಾರ್ಷಾಂ. ಟೂರ್ ಡಿ ಫ್ರಾನ್ಸ್ ವೃತ್ತಿಪರರದು. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಪೋಲೆಂಡ್ ಮುಂತಾದ ದೇಶಗಳಲ್ಲಿ ವೃತ್ತಿಪರ ಕ್ರೀಡೆ ಎಂಬುದೇ ಇರಲಿಲ್ಲ, ಎಲ್ಲರೂ ಹವ್ಯಾಸಿಗಳೇ. ಅವರಿಗೂ ಫ್ರಾನ್ಸಿನ ರಸ್ತೆಗಳಲ್ಲಿ ತಮ್ಮ ಬಲ ತೋರಿಸಲು ಒಂದು ಬಾಗಿಲು ಬೇಕಾಗಿತ್ತು. ಮೊದಲ ವರ್ಷಗಳಲ್ಲಿ ಲಾವೆನಿರ್ ನಡೆಯುತ್ತಿದ್ದದ್ದು ಟೂರ್ ಡಿ ಫ್ರಾನ್ಸಿನ ದಿನಗಳಲ್ಲೇ, ಅದೇ ರಸ್ತೆಯ ಮೇಲೆ, ಅದಕ್ಕಿಂತ ಕೆಲವು ಗಂಟೆ ಮೊದಲು, ಕಡಿಮೆ ದೂರಕ್ಕೆ. ದೊಡ್ಡವರನ್ನು ನೋಡಲು ರಸ್ತೆಬದಿಯಲ್ಲಿ ಕಾದು ನಿಂತ ಜನರ ಮುಂದೆ ಮೊದಲು ಈ ಹುಡುಗರು ಹಾದುಹೋಗುತ್ತಿದ್ದರು. ಮೊದಲ ವರ್ಷ ಗೆದ್ದವರು ಇಟಲಿಯ ಗ್ವಿಡೊ ದೆ ರೊಸ್ಸೊ.

ಸೆರ್ಗೆಯ್ ಸುಖೊರುಚೆಂಕೊವ್ ಅವರನ್ನು ನೆನೆಯದೆ ಇರಲಾರೆ. 1978 ಮತ್ತು 1979ರಲ್ಲಿ ಲಾವೆನಿರ್ ಗೆದ್ದರು, 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ನ ರಸ್ತೆ ರೇಸಿನಲ್ಲಿ ಚಿನ್ನ ಗೆದ್ದರು. ಆದರೆ ವೃತ್ತಿಪರ ತಂಡ ಸೇರಲು ಅವರು 1989ರವರೆಗೆ ಕಾಯಬೇಕಾಯಿತು. ಆಗ ಅವರ ಉತ್ತಮ ದಿನಗಳು ಕಳೆದಿದ್ದವು. 1983ರಲ್ಲಿ ಗೆದ್ದ ಪೂರ್ವ ಜರ್ಮನಿಯ ಓಲಾಫ್ ಲುಡ್ವಿಗ್ 1988ರಲ್ಲಿ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ, ಮೂವತ್ತರ ವಯಸ್ಸಿನಲ್ಲಿ, 1990ರ ಟೂರ್‌ನಲ್ಲಿ ಅಂಕಗಳ ಸ್ಪರ್ಧೆಯ ಹಸಿರು ಜರ್ಸಿ ಗೆದ್ದರು. ಇಂಥವರ ಪಾಲಿಗೆ ಲಾವೆನಿರ್ ಭವಿಷ್ಯಕ್ಕೆ ಮೆಟ್ಟಿಲಾಗಿರಲಿಲ್ಲ. ಅದೇ ಅವರ ಟೂರ್ ಡಿ ಫ್ರಾನ್ಸ್ ಆಗಿತ್ತು.

ಕೊಲಂಬಿಯಾದ ಕಥೆ ಇನ್ನೂ ಸೊಗಸು. 1980ರಲ್ಲಿ ಅಲ್ಫೊನ್ಸೊ ಫ್ಲೋರೆಸ್ ಗೆದ್ದಾಗ ಯುರೋಪಿನವರು ಬೆರಗಾದರು. 1983ರಲ್ಲಿ ಟೂರ್ ಡಿ ಫ್ರಾನ್ಸ್ ಹವ್ಯಾಸಿಗಳಿಗೂ ಬಾಗಿಲು ತೆರೆದಾಗ ಬಂದದ್ದು ಕೊಲಂಬಿಯಾ ತಂಡ. ಮರುವರ್ಷ ಲೂಯಿಸ್ ಹೆರೇರಾ ಆಲ್ಪ್ ದ್ಯುಯೆಜ್ ಏರಿನ ಹಂತ ಗೆದ್ದರು. ಲಾವೆನಿರ್ ಗೆದ್ದ ಕೊಲಂಬಿಯನ್ನರನ್ನು ಎಣಿಸಿ: ಫ್ಲೋರೆಸ್, 1985ರಲ್ಲಿ ಮಾರ್ಟಿನ್ ರಾಮಿರೆಸ್, 2010ರಲ್ಲಿ ನೈರೊ ಕಿಂಟಾನಾ, 2011ರಲ್ಲಿ ಎಸ್ತೆಬಾನ್ ಚಾವೆಸ್, 2014ರಲ್ಲಿ ಮಿಗೆಲ್ ಆಂಹೆಲ್ ಲೋಪೆಸ್, 2017ರಲ್ಲಿ ಬರ್ನಾಲ್. ಸಮುದ್ರಮಟ್ಟಕ್ಕಿಂತ ಎರಡೂವರೆ ಸಾವಿರ ಮೀಟರಿಗೂ ಎತ್ತರದ ಊರುಗಳಲ್ಲಿ ಬೆಳೆದ ಮಕ್ಕಳಿಗೆ ತೆಳುಗಾಳಿ ಅಭ್ಯಾಸವಾಗಿರುತ್ತದೆ. ಅದೊಂದೇ ಕಾರಣವಲ್ಲ, ಆದರೆ ಅದೂ ಒಂದು ಕಾರಣ. ಕಿಂಟಾನಾ ಗುಡ್ಡಗಾಡಿನಲ್ಲಿ ಶಾಲೆಗೆ ಹೋಗಿಬರಲು ಸೈಕಲ್ ತುಳಿಯುತ್ತಿದ್ದವರು. ಮುಂದೆ 2014ರಲ್ಲಿ ಇಟಲಿಯ ಮೂರು ವಾರದ ರೇಸ್ ಜಿರೊ ಡಿ ಇಟಾಲಿಯಾ, 2016ರಲ್ಲಿ ಸ್ಪೇನಿನ ಅಂಥದ್ದೇ ರೇಸ್ ವುಯೆಲ್ಟಾ ಗೆದ್ದರು. ಫ್ಲೋರೆಸ್ ಗೆದ್ದು ಮೂವತ್ತೊಂಬತ್ತು ವರ್ಷಗಳ ನಂತರ ಬರ್ನಾಲ್ ಟೂರ್ ಗೆದ್ದ ಮೊದಲ ಕೊಲಂಬಿಯನ್ ಆದರು. ದೂರದ ದೇಶದ ಹುಡುಗನಿಗೆ ಯುರೋಪಿನ ತಂಡದ ವ್ಯವಸ್ಥಾಪಕರ ಕಣ್ಣಿಗೆ ಬೀಳಲು ರಾಷ್ಟ್ರೀಯ ತಂಡಕ್ಕಿಂತ ನೇರವಾದ ದಾರಿ ಇಲ್ಲ. ಈ ರೇಸ್ ನಿಂತರೆ ನಷ್ಟ ಫ್ರಾನ್ಸಿಗಲ್ಲ, ಅಂಥ ಹುಡುಗರಿಗೆ.

ಲೆಕ್ಕದ ಪುಸ್ತಕ

ಇತಿಹಾಸದ ಬಗ್ಗೆ ತಕರಾರಿಲ್ಲ. ಆದರೆ 'ಇದೊಂದೇ ಪಾಠಶಾಲೆ' ಎಂಬ ಧ್ವನಿ ಬರುತ್ತಿದೆ, ಅದನ್ನು ಒಪ್ಪಲಾರೆ.

ರೆಮ್ಕೊ ಎವೆನೆಪೋಲ್ 2018ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆದರು, ಮರುವರ್ಷ ನೇರವಾಗಿ ಅತಿ ದೊಡ್ಡ ದರ್ಜೆಯ ತಂಡಕ್ಕೆ ಹೋದರು, ಹತ್ತೊಂಬತ್ತರಲ್ಲೇ ಸ್ಪೇನಿನ ಒಂದು ದಿನದ ರೇಸ್ ಸಾನ್ ಸೆಬಾಸ್ಟಿಯನ್ ಕ್ಲಾಸಿಕ್ ಗೆದ್ದರು. ಲಾವೆನಿರ್ ಅವರಿಗೆ ಬೇಕಾಗಲೇ ಇಲ್ಲ. ಇನ್ನೊಂದು ತುದಿಯಲ್ಲಿ ಪ್ರಿಮೊಜ್ ರೊಗ್ಲಿಚ್ ಇದ್ದಾರೆ. ಇಪ್ಪತ್ತೆರಡರ ವಯಸ್ಸು ದಾಟುವವರೆಗೆ ಅವರು ಸ್ಕೀ ಜಿಗಿತದ ಕ್ರೀಡಾಪಟು. ಆಮೇಲೆ ಸೈಕಲ್ ಹತ್ತಿ ನಾಲ್ಕು ವುಯೆಲ್ಟಾ, ಒಂದು ಜಿರೊ ಗೆದ್ದರು. ಎರಡು ಟೂರ್ ಗೆದ್ದ ಯೊನಾಸ್ ವಿಂಗೆಗಾರ್ಡ್ ಹೆಸರು ಕೂಡ ಲಾವೆನಿರ್ ವಿಜೇತರ ಪಟ್ಟಿಯಲ್ಲಿಲ್ಲ. ಅವರು ಸಣ್ಣ ತಂಡದಲ್ಲಿದ್ದಾಗ ಬೆಳಿಗ್ಗೆ ಮೀನು ಕಾರ್ಖಾನೆಯಲ್ಲಿ ಕೆಲಸ ಮಾಡಿ ಆಮೇಲೆ ತರಬೇತಿಗೆ ಹೋಗುತ್ತಿದ್ದರು. ದಾರಿಗಳು ಹಲವು. ಒಂದನ್ನು ಮಾತ್ರ ರಾಜಮಾರ್ಗ ಎನ್ನಬೇಡಿ.

ಬಾಟಲಿ ಹೊರುವವ

ಲೆಕ್ಕದ ಪುಸ್ತಕ ಅವರೇ, ಎವೆನೆಪೋಲ್ ಒಬ್ಬರೇ. ಅವರನ್ನು ನೋಡಿ ಅದೇ ವಯಸ್ಸಿಗೆ ಸಹಿ ಹಾಕಿದ ಎಷ್ಟೋ ಹುಡುಗರು ಮೂರು ವರ್ಷ ಗುಂಪಿನ ಬಾಲದಲ್ಲಿ ತೂಗಾಡಿ ಕಣ್ಮರೆಯಾಗುತ್ತಾರೆ. ಹದಿನೆಂಟರಲ್ಲಿ ವರ್ಷಪೂರ್ತಿ ಸೋಲುವುದಕ್ಕೂ, ತನ್ನ ವಯಸ್ಸಿನವರ ನಡುವೆ ಕೆಲವೊಮ್ಮೆ ಗೆಲ್ಲುತ್ತಾ ಕೆಲವೊಮ್ಮೆ ಸೋಲುತ್ತಾ ಬೆಳೆಯುವುದಕ್ಕೂ ಅಜಗಜಾಂತರ ಇದೆ. ಗೆಲ್ಲುವುದೂ ಒಂದು ಅಭ್ಯಾಸ. ಮುಂದೆ ಯಾರೂ ಇಲ್ಲದಿದ್ದಾಗ ಏನು ಮಾಡಬೇಕು ಎಂಬುದು ಮುಂದೆ ಇದ್ದವನಿಗೆ ಮಾತ್ರ ಗೊತ್ತು.

ಹಿಂಬದಿ ಚಕ್ರ

ಇಷ್ಟು ಹೊತ್ತು ಎಲ್ಲರೂ 'ಹುಡುಗರು' ಎಂದೇ ಬರೆದಿದ್ದೀರಿ. ಹುಡುಗಿಯರ ಲಾವೆನಿರ್ ಶುರುವಾಗಿದ್ದು 2023ರಲ್ಲಿ. ಅರವತ್ತೆರಡು ವರ್ಷ ತಡವಾಗಿ!

ದಾರಿಗಳು ಹಲವು ಎಂದು ಲೆಕ್ಕದ ಪುಸ್ತಕ ಅವರು ಹೇಳಿದರು. ಹುಡುಗಿಯರಿಗೆ ದಾರಿ ಇದ್ದದ್ದು ಒಂದೇ. ಕಿರಿಯರ ವಿಭಾಗ ಮುಗಿದ ಮರುದಿನವೇ ಹತ್ತು ವರ್ಷ ಅನುಭವ ಇರುವ ವೃತ್ತಿಪರ ಮಹಿಳೆಯರ ಪಕ್ಕದಲ್ಲಿ ಹೋಗಿ ನಿಲ್ಲಬೇಕು. ಬಾಟಲಿ ಹೊರುವವ ಅವರು ಈಗ ಹೇಳಿದ ಕಷ್ಟ ನಮ್ಮ ಸವಾರರಿಗೆ ಆಯ್ಕೆಯಾಗಿರಲಿಲ್ಲ, ಅದೇ ನಿಯಮವಾಗಿತ್ತು. ಹಾಗಾಗಿ 'ಈ ರೇಸ್ ಇನ್ನು ಬೇಕೇ' ಎಂಬ ಪ್ರಶ್ನೆ ಓದಿದಾಗ ಸಂಕಟವಾಯಿತು. ನಮಗೆ ಅದು ಸಿಕ್ಕಿದ್ದೇ ನಿನ್ನೆ ಮೊನ್ನೆ.

ಮೊದಲ ವರ್ಷ ಗೆದ್ದವರು ನೆದರ್ಲೆಂಡ್ಸ್‌ನ ಶಿರಿನ್ ವಾನ್ ಆನ್ರೋಯ್. 2024ರಲ್ಲಿ ಫ್ರಾನ್ಸಿನ ಮಾರಿಯೋಂ ಬ್ಯುನೆಲ್. 2025ರಲ್ಲಿ ಕೆನಡಾದ ಇಸಬೆಲ್ಲಾ ಹೋಮ್‌ಗ್ರೆನ್. ವಾನ್ ಆನ್ರೋಯ್ ಮತ್ತು ಹೋಮ್‌ಗ್ರೆನ್ ಇಬ್ಬರೂ ಸೈಕ್ಲೊಕ್ರಾಸ್‌ನಿಂದ, ಅಂದರೆ ಕಚ್ಚಾ ದಾರಿಯ ಸೈಕಲ್ ರೇಸಿನಿಂದ, ಬಂದವರು. 2023ರಲ್ಲಿ ಒಂದೇ ಊರಿನಲ್ಲಿ, ಒಂದೇ ವಾರಾಂತ್ಯದಲ್ಲಿ, ಒಬ್ಬರು ಇಪ್ಪತ್ತಮೂರರೊಳಗಿನವರ ವಿಶ್ವ ಪ್ರಶಸ್ತಿಯನ್ನೂ ಇನ್ನೊಬ್ಬರು ಕಿರಿಯರ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಕೆಸರಿನಲ್ಲಿ, ಮರಳಿನಲ್ಲಿ ಸೈಕಲ್ ಹೊತ್ತು ಓಡಿದವರಿಗೆ ಜಾರುವ ತಿರುವುಗಳ ಹೆದರಿಕೆ ಇರುವುದಿಲ್ಲ. ರಸ್ತೆ ರೇಸಿನಲ್ಲಿ ಇಳಿಜಾರು ಬಂದಾಗ ಅವರನ್ನು ಗಮನಿಸಿ, ವ್ಯತ್ಯಾಸ ಕಾಣುತ್ತದೆ.

ಗಾಳಿಮರೆ

ಹಿಂಬದಿ ಚಕ್ರ ಅವರೇ, ತಪ್ಪು ನನ್ನದೇ. ಆರಂಭದಲ್ಲೇ ಬರೆಯಬೇಕಿತ್ತು. ನೀವು ಹೇಳಿದ ಮೇಲೆ ನನ್ನ ವಾದಕ್ಕೆ ನನಗಿಂತ ಗಟ್ಟಿಯಾದ ಆಧಾರ ಸಿಕ್ಕಿದೆ. ಕ್ಷಮಿಸಿ, ಮತ್ತು ಧನ್ಯವಾದ.

ಕಡೆಯ ಗೇರ್

ಇನ್ನೊಂದು ಕಸಿವಿಸಿಯ ವಿಷಯ ಎತ್ತುತ್ತೇನೆ. 2025ರಲ್ಲಿ ಗೆದ್ದ ಫ್ರಾನ್ಸಿನ ಪಾಲ್ ಸೇಶಾಸ್ ಆ ವರ್ಷ ಆಗಲೇ ಅತಿ ದೊಡ್ಡ ದರ್ಜೆಯ ತಂಡದ ಸವಾರ. ಲಾವೆನಿರ್‌ಗೆ ಬರುವ ಮೊದಲೇ ಕ್ರಿಟೇರಿಯಂ ದು ದೊಫಿನೆಯಲ್ಲಿ ಎಂಟನೆಯ ಸ್ಥಾನ ಗಳಿಸಿದ್ದರು. ಅದು ಟೂರ್ ಡಿ ಫ್ರಾನ್ಸಿಗೆ ಸಿದ್ಧರಾಗುವ ದಿಗ್ಗಜರ ರೇಸ್. ಎರಡನೆಯವರಾದ ಬೆಲ್ಜಿಯಂನ ಯಾರ್ನೊ ವಿಡಾರ್ ಕಿರಿಯರನ್ನು ಬೆಳೆಸುವ ತಂಡದಲ್ಲಿದ್ದವರು. ಇದು ಸಮನಾದ ಹೋರಾಟವೇ? ವಿಶ್ವ ಚಾಂಪಿಯನ್‌ಷಿಪ್‌ನ ಇಪ್ಪತ್ತಮೂರರೊಳಗಿನವರ ವಿಭಾಗಕ್ಕೆ 2025ರಿಂದ ಮೇಲಿನ ಎರಡು ದರ್ಜೆಗಳ ವೃತ್ತಿಪರರನ್ನು ಬಿಡುತ್ತಿಲ್ಲ. ಲಾವೆನಿರ್‌ಗೂ ಅದೇ ನಿಯಮ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಪುಸ್ತಕ

ಆಗ ಸೇಶಾಸ್ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ವಯಸ್ಸನ್ನು ಆ ವರ್ಷದ ಲೆಕ್ಕದಲ್ಲಿ ಹಿಡಿಯುವುದರಿಂದ ಅವರು ಅರ್ಹರಾದರು. ಸೇಶಾಸ್ ವಯಸ್ಸಿನಲ್ಲಿ ವಿಡಾರ್‌ಗಿಂತ ಚಿಕ್ಕವರು. ತನಗಿಂತ ಹಿರಿಯರನ್ನು ಸೋಲಿಸಿದ ಹುಡುಗನಿಗೆ 'ನೀನು ಬಹಳ ಬಲಶಾಲಿ, ಬರಬೇಡ' ಎನ್ನುವುದು ಹೇಗೆ ನ್ಯಾಯ? ಕೊನೆಯ ದಿನ ಲಾ ರೋಸಿಯೇರ್‌ಗೆ ಏರುವ ಟೈಮ್ ಟ್ರಯಲ್ ಇತ್ತು. ಅಲ್ಲಿ ತಂಡವೂ ಇಲ್ಲ, ಗಾಳಿಮರೆಯೂ ಇಲ್ಲ, ಒಬ್ಬೊಬ್ಬರೇ ಏರಬೇಕು. ಅದನ್ನು ಗೆದ್ದೇ ಅವರು ರೇಸ್ ಗೆದ್ದರು.

ಗಾಳಿಮರೆ

ಈ ವಿಷಯದಲ್ಲಿ ನಾನು ಲೆಕ್ಕದ ಪುಸ್ತಕ ಅವರ ಕಡೆ. ಬಲಶಾಲಿಗಳು ಬರಲಿ. ಅವರ ಚಕ್ರ ಹಿಡಿದು ಒಂದು ಕಿಲೋಮೀಟರ್ ಹೆಚ್ಚು ಉಳಿದವನು ಮನೆಗೆ ಏನನ್ನಾದರೂ ಒಯ್ಯುತ್ತಾನೆ. ನನ್ನ ತಕರಾರು ಬೇರೆ. ಆ ಬಲಶಾಲಿಯೂ ಸೋಲಲು ಅವಕಾಶ ಇರುವ ಜಾಗ ಇದು. ಅದನ್ನು ನಾವು ಉಳಿಸಿಕೊಡುತ್ತಿದ್ದೇವೆಯೇ?

ಇಟಲಿಯ ಕೊಲೆ ಡೆಲ್ಲೆ ಫಿನೆಸ್ತ್ರೆ ಏರನ್ನು ನೋಡಿ. ಹದಿನೆಂಟು ಕಿಲೋಮೀಟರಿಗೂ ಹೆಚ್ಚು ಉದ್ದ, ಸರಾಸರಿ ಶೇಕಡಾ ಒಂಬತ್ತರ ಏರಿಕೆ, ಕೊನೆಯ ಸುಮಾರು ಎಂಟು ಕಿಲೋಮೀಟರ್ ಡಾಂಬರಿಲ್ಲದ ಕಚ್ಚಾ ರಸ್ತೆ. 2024ರ ಲಾವೆನಿರ್‌ನ ಕೊನೆಯ ಹಂತ ಅಲ್ಲಿತ್ತು. ಸ್ಪೇನಿನ ಪಾಬ್ಲೊ ಟೊರೆಸ್ ಆ ಹಂತ ಗೆದ್ದರು, ಆದರೂ ಬ್ರಿಟನ್ನಿನ ಜೋಸೆಫ್ ಬ್ಲ್ಯಾಕ್‌ಮೋರ್ ಕೆಲವೇ ಸೆಕೆಂಡುಗಳಿಂದ ಒಟ್ಟಾರೆ ರೇಸನ್ನು ಉಳಿಸಿಕೊಂಡರು. ಮರುವರ್ಷ 2025ರ ಜಿರೊ ಅದೇ ಏರಿಗೆ ಬಂತು. ಜಿರೊದಲ್ಲಿ ಮುಂಚೂಣಿಯವರು ತೊಡುವ ಗುಲಾಬಿ ಜರ್ಸಿಯಲ್ಲಿದ್ದವರು 2023ರ ಲಾವೆನಿರ್ ವಿಜೇತ, ಮೆಕ್ಸಿಕೊದ ಇಸಾಕ್ ಡೆಲ್ ಟೊರೊ. ಕೊನೆಗೆ ಒಂದೇ ಹಂತ ಉಳಿದಿರುವಾಗ ಅಲ್ಲಿ ಅವರು ಆ ಜರ್ಸಿಯನ್ನು ಸೈಮನ್ ಯೇಟ್ಸ್ ಅವರಿಗೆ ಬಿಟ್ಟುಕೊಟ್ಟರು. ಇಪ್ಪತ್ತೊಂದು ವರ್ಷ! ಆ ದಿನ ನಾನು ಊಟ ಬಿಟ್ಟು ಕುಳಿತಿದ್ದೆ. ಅದೇ ಸೈಮನ್ ಯೇಟ್ಸ್ 2018ರಲ್ಲಿ ಅದೇ ಏರಿನಲ್ಲಿ ಗುಲಾಬಿ ಜರ್ಸಿ ಕಳೆದುಕೊಂಡಿದ್ದವರು. ಏಳು ವರ್ಷ ಆ ಸೋಲನ್ನು ಹೊತ್ತು ತಿರುಗಿ, ಅಲ್ಲೇ ಬಂದು ತೀರಿಸಿಕೊಂಡರು.

ಹೊಸ ಹುರುಪು

ಇದನ್ನೆಲ್ಲ ಓದಿ ಹಳೆಯ ಫಲಿತಾಂಶಗಳನ್ನು ತೆರೆದು ಕುಳಿತೆ. 2018ರಲ್ಲಿ ಪೊಗಾಚರ್ ಜೊತೆ ವೇದಿಕೆ ಏರಿದವರು ಟೈಮೆನ್ ಆರೆನ್ಸ್‌ಮನ್ 2ನೇ ಸ್ಥಾನ, ಜಿನೊ ಮೇಡರ್ 3ನೇ ಸ್ಥಾನ. ಇವರ ಬಗ್ಗೆ ಹೇಳಿ.

ಘಟ್ಟದ ತಿರುವು

ಆರೆನ್ಸ್‌ಮನ್ 2025ರ ಟೂರ್ ಡಿ ಫ್ರಾನ್ಸಿನಲ್ಲಿ ಎರಡು ಪರ್ವತ ಹಂತಗಳನ್ನು ಗೆದ್ದರು. ಒಂದು ಸೂಪರ್‌ಬ್ಯಾನ್ಯೇರ್ಸ್, ಇನ್ನೊಂದು ಲಾ ಪ್ಲಾನ್ಯ್. ಲಾವೆನಿರ್ ಮುಗಿದು ಏಳು ವರ್ಷಗಳ ಮೇಲೆ.

ಮೇಡರ್ ನಮ್ಮೊಂದಿಗೆ ಇಲ್ಲ. 2023ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಟೂರ್ ಡಿ ಸ್ವಿಸ್ ರೇಸಿನಲ್ಲಿ ಆಲ್ಬುಲಾ ಘಟ್ಟದಿಂದ ಇಳಿಯುವಾಗ ಬಿದ್ದು ಮರುದಿನ ತೀರಿಕೊಂಡರು. ಇಪ್ಪತ್ತಾರು ವರ್ಷ. ಅದಕ್ಕೂ ಹಿಂದೆ, 2017ರಲ್ಲಿ ಬರ್ನಾಲ್ ಅವರ ಹಿಂದೆ 2ನೇ ಸ್ಥಾನ ಪಡೆದ ಬೆಲ್ಜಿಯಂನ ಬ್ಯೋರ್ಗ್ ಲಾಂಬ್ರೆಖ್ಟ್ 2019ರ ಆಗಸ್ಟ್‌ನಲ್ಲಿ ಪೋಲೆಂಡಿನ ರೇಸಿನಲ್ಲಿ ಬಿದ್ದು ತೀರಿಕೊಂಡರು. ಇಪ್ಪತ್ತೆರಡು ವರ್ಷ. ಸತತ ಎರಡು ವರ್ಷಗಳ ವೇದಿಕೆಯಿಂದ ಇಬ್ಬರು. ಲಾವೆನಿರ್‌ನ ಹಳೆಯ ಚಿತ್ರಗಳನ್ನು ನೋಡುವಾಗ ಗೆದ್ದವರ ಪಕ್ಕದಲ್ಲಿ ನಿಂತವರ ಮೇಲೆ ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಇದಕ್ಕೇ.

ಬಾಟಲಿ ಹೊರುವವ

ಮೇಡರ್ ಅವರನ್ನು ನೆನೆದದ್ದಕ್ಕೆ ಧನ್ಯವಾದ.

ಗೆದ್ದೂ ಬೇರೆ ದಾರಿ ಹಿಡಿದವರನ್ನೂ ನೆನೆಯೋಣ. 2009ರಲ್ಲಿ ಗೆದ್ದ ರೊಮೇನ್ ಸಿಕಾರ್ ಅದೇ ವರ್ಷ ಇಪ್ಪತ್ತಮೂರರೊಳಗಿನವರ ವಿಶ್ವ ಚಾಂಪಿಯನ್ ಕೂಡ ಆದರು. ಇಡೀ ಫ್ರಾನ್ಸ್ ಅವರ ಹೆಗಲ ಮೇಲೆ ಕುಳಿತಿತು. ಗಾಯಗಳು ಬಿಡಲಿಲ್ಲ, ಕೊನೆಗೆ ಹೃದಯದ ತೊಂದರೆಯಿಂದ 2021ರಲ್ಲಿ ನಿವೃತ್ತರಾದರು. ಆದರೆ ನಡುವಿನ ಅಷ್ಟೂ ವರ್ಷ ಬೇರೆಯವರಿಗಾಗಿ ಪ್ರಾಮಾಣಿಕವಾಗಿ ತುಳಿದರು. 2008ರ ವಿಜೇತ ಯಾನ್ ಬಾಕೆಲಾಂಟ್ಸ್ 2013ರ ಟೂರ್‌ನಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹಂತ ಗೆದ್ದು ಹಳದಿ ಜರ್ಸಿ ತೊಟ್ಟರು. 2012ರ ವಿಜೇತ ವಾರೆನ್ ಬಾರ್ಗಿಲ್ 2017ರಲ್ಲಿ ಟೂರ್‌ನ ಎರಡು ಹಂತಗಳನ್ನೂ ಏರುಗಳಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಸಿಗುವ 'ಪರ್ವತರಾಜ'ನ ಚುಕ್ಕೆ ಜರ್ಸಿಯನ್ನೂ ಗೆದ್ದರು. 2013ರ ರುಬೆನ್ ಫರ್ನಾಂಡೆಸ್ ಆ ವರ್ಷ ಆಡಮ್ ಯೇಟ್ಸ್ ಅವರನ್ನು ಹಿಂದೆ ಹಾಕಿ ಗೆದ್ದವರು, ಮುಂದೆ ಹೆಚ್ಚಾಗಿ ಸಹಾಯಕ ಸವಾರರಾಗಿ ದುಡಿದರು. ಇವರಲ್ಲಿ ಯಾರನ್ನೂ ವಿಫಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಕಡೆಯ ಗೇರ್

ನಿಯಮದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಡೆಲ್ ಟೊರೊ ಉದಾಹರಣೆ ಯೋಚನೆಗೆ ಹಚ್ಚಿದೆ. ಹಾಗೆಯೇ 1973ರ ವಿಜೇತ ಜಾನ್‌ಬತ್ತಿಸ್ತಾ ಬರೋಂಕೆಲ್ಲಿ ನೆನಪಾದರು. ಮರುವರ್ಷ, ಇಪ್ಪತ್ತರ ವಯಸ್ಸಿನಲ್ಲಿ, ಜಿರೊದಲ್ಲಿ ಎಡ್ಡಿ ಮರ್ಕ್ಸ್ ಅವರಿಗೆ 12 ಸೆಕೆಂಡಿನಿಂದ ಸೋತರು. ಆಮೇಲೆ ಎಷ್ಟೋ ರೇಸ್ ಗೆದ್ದರೂ ಮೂರು ವಾರದ ರೇಸ್ ಒಂದೂ ಒಲಿಯಲಿಲ್ಲ.

ಹೊಸ ಹುರುಪು

ಮುಂದಿನ ಲಾವೆನಿರ್ ನೋಡುವಾಗ ಎಲ್ಲಿ ಕಣ್ಣಿಡಬೇಕು ಎಂದು ಒಬ್ಬೊಬ್ಬರು ಒಂದೊಂದು ಮಾತು ಹೇಳಿ. ಬರೆದಿಟ್ಟುಕೊಳ್ಳುತ್ತೇನೆ.

ಹಿಂಬದಿ ಚಕ್ರ

ಹುಡುಗಿಯರ ರೇಸನ್ನೂ ನೋಡಿ. ಮೊದಲ ದೊಡ್ಡ ಏರು ಮುಗಿದ ತಕ್ಷಣ ಬರುವ ಇಳಿಜಾರಿನಲ್ಲಿ ಯಾರು ಅಂತರ ಮುಚ್ಚುತ್ತಾರೆ ಎಂದು ಗಮನಿಸಿ.

ಲೆಕ್ಕದ ಪುಸ್ತಕ

ಒಟ್ಟಾರೆ ಪಟ್ಟಿಯ 10ನೇ ಸ್ಥಾನದಿಂದ 20ನೇ ಸ್ಥಾನದವರೆಗೆ ಹುಟ್ಟಿದ ವರ್ಷ ನೋಡಿ. ಇಪ್ಪತ್ತಮೂರರೊಳಗಿನವರ ವಿಭಾಗಕ್ಕೆ ಆ ವರ್ಷವಷ್ಟೇ ಬಂದ ಹುಡುಗನೊಬ್ಬ ಅಲ್ಲಿದ್ದರೆ ಅವನ ಹೆಸರನ್ನು ಗುರುತು ಹಾಕಿಕೊಳ್ಳಿ.

ಬಾಟಲಿ ಹೊರುವವ

ಹಂತ ಮುಗಿದು ಇಪ್ಪತ್ತು ನಿಮಿಷ ಕಳೆದ ಮೇಲೂ ನೇರಪ್ರಸಾರ ಇದ್ದರೆ ಆರಿಸಬೇಡಿ. ಕೊನೆಯ ಗುಂಪು ಬರುವುದು ಆಗ.

ಗಾಳಿಮರೆ

ಹಳದಿ ಜರ್ಸಿ ಕಳೆದುಕೊಂಡವನು ಮರುದಿನ ಬೆಳಿಗ್ಗೆ ಹಾಜರಿ ಸಹಿ ಹಾಕಲು ಬರುತ್ತಾನಲ್ಲ, ತನ್ನ ದೇಶದ ಮಾಮೂಲಿ ಜರ್ಸಿ ತೊಟ್ಟು. ನಾನು ಅವನನ್ನು ನೋಡುತ್ತೇನೆ. ಆ ದಿನ ಅವನು ಗುಂಪಿನಲ್ಲಿ ಎಲ್ಲಿ ತುಳಿಯುತ್ತಾನೆ ಎಂದು ಸಂಜೆಯವರೆಗೆ ಹುಡುಕುತ್ತಲೇ ಇರುತ್ತೇನೆ.